ಹದಿನಾರು ಮತಗಳ ಅಂತರ
ಬೆಂಗಳೂರಿನ ಜಯನಗರ ಕ್ಷೇತ್ರದ ಚುನಾವಣಾ ಚರಿತ್ರೆ

ಮದುವೆಯ ಛತ್ರದಲ್ಲಿ ಊಟಕ್ಕೆ ಎಲೆ ಹಾಕಿದಾಗ ಒಂದು ಪಂಕ್ತಿಯಲ್ಲಿ ಎಷ್ಟು ಮಂದಿ ಕುಳಿತುಕೊಳ್ಳುತ್ತಾರೆ? ಛತ್ರ ಎಷ್ಟೇ ಚಿಕ್ಕದಾಗಿರಲಿ, ಇಪ್ಪತ್ತು ಎಲೆಗಳಿಗೆ ಕಡಮೆಯಾಗದು. ಅಂತಹ ಒಂದು ಪಂಕ್ತಿಯನ್ನೂ ತುಂಬಲಾರದ ಸಂಖ್ಯೆ ಹದಿನಾರು. ಆದರೆ 2023ನೆಯ ಇಸವಿಯ ಮೇ ತಿಂಗಳಿನಲ್ಲಿ ಬೆಂಗಳೂರಿನ ಜಯನಗರದಿಂದ ವಿಧಾನಸಭೆಗೆ ಹೋಗತಕ್ಕವರು ಯಾರೆಂಬುದನ್ನು ತೀರ್ಮಾನಿಸಿದ್ದು ಈ ಹದಿನಾರೇ. ಭಾರತೀಯ ಜನತಾ ಪಕ್ಷದ ಸಿ. ಕೆ. ರಾಮಮೂರ್ತಿಯವರಿಗೆ ಬಂದ ಮತಗಳು 57,797. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರಿಗೆ ಬಂದವು 57,781.

ಇಬ್ಬರಿಗೂ ಬಿದ್ದ ಮತಗಳನ್ನು ಕೂಡಿದರೆ 1,15,578. ಇಷ್ಟು ದೊಡ್ಡ ರಾಶಿಯನ್ನು ಎರಡಾಗಿ ಹಂಚಿದಾಗ ತಕ್ಕಡಿಯ ಮುಳ್ಳು ವಾಲಿದ್ದು ಸುಮಾರು ಏಳು ಸಾವಿರದ ಇನ್ನೂರಕ್ಕೆ ಒಂದರ ಲೆಕ್ಕದಲ್ಲಿ. ಗೆದ್ದವರಿಗೆ ಮತವಿತ್ತವರಲ್ಲಿ ಎಂಟು ಮಂದಿ ಮನಸ್ಸು ಬದಲಿಸಿ ಎದುರಾಳಿಯ ಗುಂಡಿಯನ್ನು ಒತ್ತಿದ್ದರೆ ಎರಡು ತಟ್ಟೆಗಳೂ ಸಮನಾಗುತ್ತಿದ್ದವು. ಒಂಬತ್ತು ಮಂದಿ ಬದಲಿಸಿದ್ದರೆ ಫಲಿತಾಂಶವೇ ತಿರುಗುಮುರುಗಾಗುತ್ತಿತ್ತು. ಸಮಸಮ ಬಂದಾಗ ಮಾಡುವುದೇನೆಂಬುದಕ್ಕೂ ಕಾನೂನಿನಲ್ಲಿ ಉತ್ತರವಿದೆ. 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮದ 65ನೆಯ ಪ್ರಕರಣದಂತೆ ಚುನಾವಣಾಧಿಕಾರಿಯು ಅಲ್ಲಿಯೇ ಚೀಟಿ ಎತ್ತಬೇಕು. ಯಾರ ಹೆಸರು ಬಂದೀತೋ ಅವರಿಗೆ ಒಂದು ಮತ ಹೆಚ್ಚು ಬಿದ್ದಿತೆಂದು ಎಣಿಸಬೇಕು. ಎರಡು ಲಕ್ಷಕ್ಕೂ ಮಿಕ್ಕು ಮತದಾರರಿರುವ ಕ್ಷೇತ್ರವೊಂದು ಚೀಟಿಯ ಅದೃಷ್ಟಕ್ಕೆ ಎಂಟೇ ಮತಗಳಷ್ಟು ಸಮೀಪಕ್ಕೆ ಬಂದು ನಿಂತಿತ್ತೆಂದರೆ, ಅದರ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಉಚಿತವೇ ಸರಿ.

ದೊರೆಯ ಹೆಸರಿನ ಬಡಾವಣೆ

ಜಯನಗರವೆಂಬ ಹೆಸರು ಕೇಳಿದವರಿಗೆ ಅದು ಯಾವುದೋ ವಿಜಯದ ನೆನಪಿಗೆ ಇಟ್ಟ ಹೆಸರೆಂದು ತೋರುವುದು ಸಹಜ. ನಿಜವಾಗಿ ಅದು ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಆಗ ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಈ ಬಡಾವಣೆಗೆ ಅಸ್ತಿಭಾರದ ಕಲ್ಲನ್ನಿಟ್ಟರು. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಲಾಲ್‌ಬಾಗಿನ ದಕ್ಷಿಣಕ್ಕಿದ್ದ ಹೊಲ ತೋಟಗಳ ಮೇಲೆ ಗೆರೆ ಎಳೆದು ಅಗಲವಾದ ಬೀದಿಗಳನ್ನೂ ಅಡ್ಡರಸ್ತೆಗಳನ್ನೂ ಉದ್ಯಾನಗಳನ್ನೂ ರೂಪಿಸಿತು. ಕನಕನಪಾಳ್ಯ, ಸಿದ್ದಾಪುರ, ಯಡಿಯೂರು, ಬೈರಸಂದ್ರ ಮೊದಲಾದ ಹಳೆಯ ಹಳ್ಳಿಗಳು ಈ ಹೊಸ ಬ್ಲಾಕುಗಳ ನಡುವೆ ತಮ್ಮ ಹೆಸರುಗಳನ್ನು ಮಾತ್ರ ಉಳಿಸಿಕೊಂಡು ಕರಗಿಹೋದವು.

ಮೊದಮೊದಲು ಊರಾಚೆಯೆಂದು ಜನ ಹಿಂಜರಿಯುತ್ತಿದ್ದ ಆ ಬಡಾವಣೆಗೆ ಕ್ರಮೇಣ ಸರಕಾರಿ ನೌಕರರು, ಉಪಾಧ್ಯಾಯರು, ಬ್ಯಾಂಕಿನ ಗುಮಾಸ್ತರು, ನಿವೃತ್ತ ಅಧಿಕಾರಿಗಳು ಬಂದು ನೆಲೆಸಿದರು. 1965ರಲ್ಲಿ ಡಾ. ಎಚ್. ನರಸಿಂಹಯ್ಯನವರ ಪರಿಶ್ರಮದಿಂದ ಅಲ್ಲಿ ನ್ಯಾಷನಲ್ ಕಾಲೇಜು ಪ್ರಾರಂಭವಾಯಿತು. ನಾಲ್ಕನೆಯ ಬ್ಲಾಕಿನ ವ್ಯಾಪಾರ ಸಂಕೀರ್ಣವು ದಕ್ಷಿಣ ಬೆಂಗಳೂರಿನ ಸಂಸಾರಗಳಿಗೆಲ್ಲ ಸಂತೆಯ ಸ್ಥಳವಾಯಿತು. ಒಂಬತ್ತನೆಯ ಬ್ಲಾಕಿನ ರಾಗಿಗುಡ್ಡದ ಮೇಲೆ ಆಂಜನೇಯನ ಗುಡಿ ಎದ್ದಿತು. ದಾನಕ್ಕೆಂದು ಸೊಸೆ ಇಟ್ಟಿದ್ದ ರಾಗಿಯ ರಾಶಿಯನ್ನು ಅತ್ತೆ ಕೊಡಗೊಡದಿರಲು ಅದು ಕಲ್ಲಿನ ಗುಡ್ಡವಾಯಿತೆಂದು ಅಲ್ಲಿನ ಐತಿಹ್ಯ. ಗುಡ್ಡದಂತಹ ರಾಶಿಯೂ ಒಂದೊಂದು ಕಾಳಿನಿಂದಲೇ ಆಗತಕ್ಕದ್ದೆಂಬುದನ್ನು 2023ರ ಚುನಾವಣೆ ಆ ಸೀಮೆಯ ಜನರಿಗೆ ಬೇರೊಂದು ಬಗೆಯಲ್ಲಿ ನೆನಪಿಸಿತು.

ಹೆಸರೊಂದು, ಗಡಿ ಇನ್ನೊಂದು

ಬಡಾವಣೆಯ ಹೆಸರೂ ಕ್ಷೇತ್ರದ ಹೆಸರೂ ಒಂದೇ ಆದ ಮಾತ್ರಕ್ಕೆ ಎರಡರ ಗಡಿಗಳೂ ಒಂದೇ ಎಂದು ತಿಳಿಯುವಂತಿಲ್ಲ. 2008ರ ಚುನಾವಣೆಗೆ ಮುನ್ನ ನಡೆದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅಶೋಕ ಸ್ತಂಭದ ಸುತ್ತಣ ಹಳೆಯ ಜಯನಗರವು ಚಿಕ್ಕಪೇಟೆ ಕ್ಷೇತ್ರದ ಪಾಲಾಯಿತು. ಯಡಿಯೂರು ಹೊಸದಾಗಿ ಹುಟ್ಟಿದ ಪದ್ಮನಾಭನಗರ ಕ್ಷೇತ್ರಕ್ಕೆ ಸೇರಿತು. ಜಯನಗರದ ಮೊದಲ ಬೀದಿಗಳಲ್ಲಿ ಮನೆ ಕಟ್ಟಿಕೊಂಡ ಹಿರಿಯರ ಮಕ್ಕಳು ಮೊಮ್ಮಕ್ಕಳು ಮತ ಹಾಕುವುದು ಪೇಟೆಯ ಕ್ಷೇತ್ರಕ್ಕೆ; ಜಯನಗರದ ಶಾಸಕರನ್ನು ಆರಿಸುವುದರಲ್ಲಿ ದೊಡ್ಡ ಪಾಲು ಜೆ. ಪಿ. ನಗರ, ಸಾರಕ್ಕಿ, ಶಾಕಾಂಬರಿನಗರ, ಗುರಪ್ಪನಪಾಳ್ಯ, ಬೈರಸಂದ್ರ, ಪಟ್ಟಾಭಿರಾಮನಗರಗಳ ನಿವಾಸಿಗಳದು!

ಈ ಪ್ರದೇಶಗಳೆಲ್ಲ ಒಂದೇ ಅಚ್ಚಿನವಲ್ಲ. ಒಂದೆಡೆ ಮರಗಳ ನೆರಳಿನಲ್ಲಿ ಸ್ವಂತ ಮನೆಗಳ ಸಾಲು. ಇನ್ನೊಂದೆಡೆ ತಿಲಕನಗರ, ಗುರಪ್ಪನಪಾಳ್ಯಗಳಲ್ಲಿ ಒತ್ತಾಗಿ ಕಟ್ಟಿದ ಚಿಕ್ಕ ಮನೆಗಳು, ಅಂಗಡಿಗಳು, ಕೂಲಿಕಾರರ ವಠಾರಗಳು. ಮತ್ತೊಂದೆಡೆ ಹೊಸ ಉದ್ಯೋಗಗಳಿಂದ ಬಂದ ಹಣದಲ್ಲಿ ಮೇಲೆದ್ದ ಬಹು ಅಂತಸ್ತಿನ ಕಟ್ಟಡಗಳು. ಒಬ್ಬರಿಗೆ ಬೇಕಾದುದು ಉದ್ಯಾನದ ದುರಸ್ತಿ. ಮತ್ತೊಬ್ಬರಿಗೆ ಬೇಕಾದುದು ನಲ್ಲಿಯಲ್ಲಿ ನೀರು, ಮನೆಗೆ ಹಕ್ಕುಪತ್ರ. ಇವರೆಲ್ಲರಿಗೂ ಒಬ್ಬರೇ ಪ್ರತಿನಿಧಿ. ತಕ್ಕಡಿ ಸಮತೂಕಕ್ಕೆ ಬಂದುದರಲ್ಲಿ ಈ ವೈವಿಧ್ಯದ ಪಾತ್ರ ಸ್ವಲ್ಪವಲ್ಲ.

ಗಾಳಿಗೆ ತೂರಿಕೊಳ್ಳದ ಕ್ಷೇತ್ರ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ರೈತನ ಗಾದೆ. ರಾಜಕಾರಣಿಗಳು ಅದನ್ನು ಚೆನ್ನಾಗಿ ಬಲ್ಲರು; ಮತದಾರರೂ ಅನೇಕ ಸಲ ಅದನ್ನೇ ಅನುಸರಿಸುತ್ತಾರೆ. ಜಯನಗರದ ಮತದಾರರು ಮಾತ್ರ ಗಾಳಿಯ ದಿಕ್ಕನ್ನು ನೋಡಿದವರಲ್ಲ. 1978ರಿಂದ 2023ರ ವರೆಗೆ ನಡೆದ ಹನ್ನೊಂದು ಸಾರ್ವತ್ರಿಕ ಚುನಾವಣೆಗಳಲ್ಲಿ ಅವರು ಆರಿಸಿದ್ದು ಐವರನ್ನು. ಆ ಹನ್ನೊಂದರಲ್ಲಿ ನಾಲ್ಕು ಸಲ ಅವರು ನಡೆದದ್ದು ರಾಜ್ಯದ ಗಾಳಿಗೆ ಎದುರಾಗಿ.

1978ರ ಚುನಾವಣೆ ತುರ್ತುಪರಿಸ್ಥಿತಿ ಮುಗಿದ ಮೇಲೆ ರಾಜ್ಯದಲ್ಲಿ ನಡೆದ ಮೊದಲ ವಿಧಾನಸಭಾ ಚುನಾವಣೆ. ಉತ್ತರ ಭಾರತದಲ್ಲಿ ನೆಲಕಚ್ಚಿದ್ದ ಇಂದಿರಾ ಗಾಂಧಿಯವರ ಕಾಂಗ್ರೆಸ್ಸು ದೇವರಾಜ ಅರಸರ ನಾಯಕತ್ವದಲ್ಲಿ ಕರ್ನಾಟಕದಲ್ಲಿ ಸ್ಪಷ್ಟ ಬಹುಮತವನ್ನು ಪಡೆಯಿತು. ಜಯನಗರವು ಜನತಾ ಪಕ್ಷದ ಎಂ. ಚಂದ್ರಶೇಖರ್ ಅವರನ್ನು ಕಳುಹಿಸಿತು. 1983ರಲ್ಲಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರವನ್ನು ರಚಿಸಿದಾಗ ರಾಜ್ಯವೇ ಜಯನಗರದ ದಾರಿಗೆ ಬಂದಂತಾಯಿತು. 1985ರಲ್ಲಿಯೂ ಚಂದ್ರಶೇಖರ್ ಅವರೇ ಗೆದ್ದರು.

1989ರ ಹೊತ್ತಿಗೆ ಮತದಾರರ ಪಟ್ಟಿಯೇ ಬದಲಾಗಿತ್ತು. ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದು ಕಾಲೇಜಿನ ಹುಡುಗರೂ ಹುಡುಗಿಯರೂ ಮತಗಟ್ಟೆಗೆ ಬಂದರು. ಆ ವರ್ಷ ಕಾಂಗ್ರೆಸ್ಸು ರಾಜ್ಯದಲ್ಲಿ 178 ಸ್ಥಾನಗಳನ್ನು ಗೆದ್ದಿತು. ಜಯನಗರದಲ್ಲಿ ಅದೇ ಪಕ್ಷದ ರಾಮಲಿಂಗಾ ರೆಡ್ಡಿಯವರು ಆಯ್ಕೆಯಾದರು. ಗಾಳಿಯೊಡನೆ ಬಂದವರು ಗಾಳಿಯೊಡನೆ ಹೋಗಬೇಕಲ್ಲವೆ? ಹಾಗಾಗಲಿಲ್ಲ. 1994ರಲ್ಲಿ ಎಚ್. ಡಿ. ದೇವೇಗೌಡರ ಜನತಾ ದಳವು 115 ಸ್ಥಾನಗಳನ್ನು ಗೆದ್ದು ಕಾಂಗ್ರೆಸ್ಸು 34ಕ್ಕೆ ಕುಸಿದಾಗ ಆ ಮೂವತ್ತನಾಲ್ಕರಲ್ಲಿ ಜಯನಗರವೂ ಒಂದಾಗಿತ್ತು. 1999ರಲ್ಲಿಯೂ 2004ರಲ್ಲಿಯೂ ರೆಡ್ಡಿಯವರ ಗೆಲುವು ಮುಂದುವರಿಯಿತು. ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ ಅವರು ನೆರೆಯ ಬಿ. ಟಿ. ಎಂ. ಬಡಾವಣೆ ಕ್ಷೇತ್ರಕ್ಕೆ ಹೋಗಿ ಅಲ್ಲಿಯೂ ಸತತವಾಗಿ ಗೆಲ್ಲತೊಡಗಿದರು.

ತೆರವಾದ ಜಯನಗರವನ್ನು 2008ರಲ್ಲಿ ಗೆದ್ದವರು ಭಾರತೀಯ ಜನತಾ ಪಕ್ಷದ ಬಿ. ಎನ್. ವಿಜಯಕುಮಾರ್. ಆಗ ರಾಜ್ಯದ ಗಾಳಿಯೂ ಅವರ ಪಕ್ಷದ ಕಡೆಗೇ ಇತ್ತು. 2013ರಲ್ಲಿ ಅದು ತಿರುಗಿ ಕಾಂಗ್ರೆಸ್ಸು 122 ಸ್ಥಾನಗಳೊಡನೆ ಅಧಿಕಾರಕ್ಕೆ ಬಂದರೂ ಜಯನಗರವು ವಿಜಯಕುಮಾರರನ್ನು ಬಿಟ್ಟುಕೊಡಲಿಲ್ಲ. 2023ರಲ್ಲಿ ಕಾಂಗ್ರೆಸ್ಸು 135 ಸ್ಥಾನಗಳನ್ನು ಗೆದ್ದಾಗ ಹದಿನಾರು ಮತಗಳ ಅಂತರದಿಂದ ಅದರ ಕೈತಪ್ಪಿದುದೂ ಜಯನಗರವೇ. ವ್ಯಕ್ತಿಯನ್ನು ಒಮ್ಮೆ ಒಪ್ಪಿಕೊಂಡರೆ ಪಕ್ಷದ ಏಳುಬೀಳುಗಳನ್ನು ಹೆಚ್ಚು ಲಕ್ಷಿಸದ ಸ್ವಭಾವ ಈ ಕ್ಷೇತ್ರಕ್ಕಿದೆಯೆಂದು ಈ ಪಟ್ಟಿಯಿಂದ ಊಹಿಸಿದರೆ ತಪ್ಪಾಗಲಾರದು.

ಮತದಾನಕ್ಕೆ ಮುನ್ನ ಬಂದ ಮೃತ್ಯು

ಈ ಚರಿತ್ರೆಯಲ್ಲಿ 2018ನೆಯ ಇಸವಿಯದು ದುಃಖದ ಪುಟ. ವಿಜಯಕುಮಾರರು ಸಿವಿಲ್ ಎಂಜಿನಿಯರಿಂಗ್ ಓದಿದವರು, ಅವಿವಾಹಿತರು. ಸರಳ ಜೀವನಕ್ಕೆ ಹೆಸರಾಗಿದ್ದ ಅವರನ್ನು ಎದುರು ಪಕ್ಷದವರೂ ಗೌರವದಿಂದ ಕಾಣುತ್ತಿದ್ದರು. ಮೂರನೆಯ ಬಾರಿ ಸ್ಪರ್ಧೆಗಿಳಿದು ಬಿಸಿಲಿನಲ್ಲಿ ಮನೆಮನೆಗೆ ಹೋಗಿ ಮತ ಕೇಳುತ್ತಿದ್ದಾಗ ಪಟ್ಟಾಭಿರಾಮನಗರದಲ್ಲಿ ಕುಸಿದುಬಿದ್ದರು. ಸಮೀಪದ ಜಯದೇವ ಹೃದ್ರೋಗ ಆಸ್ಪತ್ರೆಗೆ ಒಯ್ದರೂ ಫಲವಾಗಲಿಲ್ಲ. ಮೇ 4ರಂದು ತೀರಿಕೊಂಡರು. ಮತದಾನಕ್ಕೆ ಉಳಿದಿದ್ದುದು ಎಂಟೇ ದಿನ.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಹೀಗೆ ಮೃತರಾದರೆ ಮತದಾನವನ್ನು ಮುಂದೂಡಬೇಕೆಂದು ಪ್ರಜಾಪ್ರತಿನಿಧಿತ್ವ ಅಧಿನಿಯಮದ 52ನೆಯ ಪ್ರಕರಣವು ವಿಧಿಸುತ್ತದೆ. ಆ ಪಕ್ಷಕ್ಕೆ ಬೇರೊಬ್ಬರನ್ನು ನಿಲ್ಲಿಸಲು ಏಳು ದಿನಗಳ ಅವಧಿ ದೊರೆಯುತ್ತದೆ. ಉಳಿದ ಅಭ್ಯರ್ಥಿಗಳು ಮತ್ತೆ ನಾಮಪತ್ರ ಸಲ್ಲಿಸಬೇಕಾಗಿಲ್ಲ. ಹೀಗಾಗಿ ಮೇ 12ರಂದು ರಾಜ್ಯ ಮತ ಹಾಕುತ್ತಿದ್ದಾಗ ಜಯನಗರದ ಮತಗಟ್ಟೆಗಳು ಬಾಗಿಲು ತೆರೆಯಲಿಲ್ಲ. ಬೇರೊಂದು ಕಾರಣದಿಂದ ರಾಜರಾಜೇಶ್ವರಿನಗರದ ಚುನಾವಣೆಯೂ ಮುಂದೆ ಹೋಗಿತ್ತು.

ಜೂನ್ 11ರಂದು ಜಯನಗರದ ಸರದಿ ಬಂದಾಗ ರಾಜ್ಯದ ಚಿತ್ರವೇ ಬದಲಾಗಿತ್ತು. ಯಾರಿಗೂ ಬಹುಮತ ಬಾರದೆ ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾ ದಳಗಳು ಕೂಡಿ ಸರಕಾರ ರಚಿಸಿದ್ದವು. ದಳದ ಅಭ್ಯರ್ಥಿ ಹಿಂದೆ ಸರಿದು ಕಾಂಗ್ರೆಸ್ಸಿಗೆ ಬೆಂಬಲವಿತ್ತರು. ಒಂದು ಕಡೆ ಮಾಜಿ ಶಾಸಕ ರಾಮಲಿಂಗಾ ರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ. ಇನ್ನೊಂದು ಕಡೆ ದಿವಂಗತ ವಿಜಯಕುಮಾರರ ಸಹೋದರ ಬಿ. ಎನ್. ಪ್ರಹ್ಲಾದ ಬಾಬು. ತಂದೆಯ ಹೆಸರಿಗೂ ಅಣ್ಣತಮ್ಮಂದಿರ ನಂಟಿಗೂ ನಡೆದ ಆ ಸ್ಪರ್ಧೆಯಲ್ಲಿ ಸೌಮ್ಯಾ ರೆಡ್ಡಿಯವರು 54,457 ಮತಗಳನ್ನೂ ಪ್ರಹ್ಲಾದ ಬಾಬು ಅವರು 51,568 ಮತಗಳನ್ನೂ ಪಡೆದರು. ಅಂತರ 2,889. ಅದೇ ಕಡಮೆಯೆಂದು ಆಗ ಜನ ಮಾತಾಡಿಕೊಂಡರು. ಮುಂದಿನ ಸಲ ಅದು ಎಲ್ಲಿಗೆ ಇಳಿಯಲಿದೆಯೆಂಬುದು ಯಾರ ಊಹೆಗೂ ನಿಲುಕುವಂತಿರಲಿಲ್ಲ.

ಮಧ್ಯರಾತ್ರಿಯ ಎಣಿಕೆ

2023ರ ಮೇ 13, ಶನಿವಾರ. ರಾಜ್ಯದ ಉಳಿದೆಡೆಗಳಲ್ಲಿ ಮಧ್ಯಾಹ್ನಕ್ಕೇ ಚಿತ್ರ ಸ್ಪಷ್ಟವಾಗಿತ್ತು. ಗೆದ್ದವರ ಮನೆಯ ಮುಂದೆ ಪಟಾಕಿಗಳು ಸಿಡಿದು ಹಾರಗಳು ಬಾಡತೊಡಗಿದ್ದವು. ಜಯನಗರದ ಎಣಿಕೆ ಮಾತ್ರ ಮುಗಿಯಲೊಲ್ಲದು. ಕಾಂಗ್ರೆಸ್ಸಿನ ಅಭ್ಯರ್ಥಿಗೆ ಅಲ್ಪ ಮುನ್ನಡೆ ಕಂಡಿತ್ತು. ಗೆದ್ದರೆಂಬ ಸುದ್ದಿಯೂ ಹರಡಿತ್ತು. ಅಷ್ಟರಲ್ಲಿ ಮರುಎಣಿಕೆಯ ಬೇಡಿಕೆ ಎದ್ದಿತು. ವಿವಾದದ ಕೇಂದ್ರವಾದವು ತಿರಸ್ಕೃತವಾಗಿದ್ದ ನೂರಕ್ಕೂ ಮಿಕ್ಕ ಅಂಚೆ ಮತಪತ್ರಗಳು.

ಅಂಚೆ ಮತವೆಂದರೆ ಚುನಾವಣೆಯ ಕರ್ತವ್ಯದ ಮೇಲಿರುವ ನೌಕರರು, ಸೈನಿಕರು ಮೊದಲಾದವರು ಮತಗಟ್ಟೆಗೆ ಬರಲಾರದೆ ಕಾಗದದ ಮೇಲೆ ಹಾಕಿ ಕಳುಹಿಸುವ ಮತ. ಅದರೊಡನೆ ಒಂದು ಘೋಷಣಾ ಪತ್ರವಿರಬೇಕು. ಅದಕ್ಕೆ ಅಧಿಕಾರಿಯ ದೃಢೀಕರಣವಿರಬೇಕು. ಇದರಲ್ಲಿ ಲೋಪವಿದ್ದರೆ ಒಳಗಿನ ಮತವನ್ನು ನೋಡುವಂತೆಯೇ ಇಲ್ಲ. ಸಾವಿರಾರು ಮತಗಳ ಅಂತರವಿದ್ದಾಗ ಇಂತಹ ಲಕೋಟೆಗಳನ್ನು ಯಾರೂ ಕೇಳುವುದಿಲ್ಲ. ಅಂತರ ಕೂದಲೆಳೆಯಷ್ಟಾದಾಗ ಒಂದು ಸಹಿ, ಒಂದು ಮೊಹರು ಶಾಸಕರನ್ನೇ ಬದಲಿಸಬಲ್ಲದು. ಎಣಿಕೆಯ ಕೇಂದ್ರವಾಗಿದ್ದ ಕಾಲೇಜಿನೊಳಗೆ ಎರಡೂ ಪಕ್ಷಗಳ ಮುಖಂಡರು ವಾದಕ್ಕಿಳಿದರು. ಹೊರಗೆ ಬೀದಿಯಲ್ಲಿ ಗುಂಪುಗಳು ಕೂಗು ಹಾಕಿದವು. ಪೊಲೀಸರು ನಡುವೆ ನಿಂತರು. ಪತ್ರಗಳ ಮರುಪರಿಶೀಲನೆಯಾಗಿ, ಎಣಿಕೆ ಮತ್ತೆ ಮತ್ತೆ ನಡೆದು, ಮಧ್ಯರಾತ್ರಿಯ ಸುಮಾರಿಗೆ ಫಲಿತಾಂಶ ಹೊರಬಿದ್ದಿತು: ಹದಿನಾರು.

ಆ ಕಣದಲ್ಲಿ ಸೋತವರ ಹೆಸರನ್ನೇ ಹೋಲುವ ಹೆಸರಿನ ಪಕ್ಷೇತರ ಅಭ್ಯರ್ಥಿಯೊಬ್ಬರಿದ್ದು ಅವರಿಗೆ ಮುನ್ನೂರಕ್ಕೂ ಹೆಚ್ಚು ಮತಗಳು ಬಿದ್ದಿದ್ದವು. ಯಾರೂ ಬೇಡವೆಂದು ‘ನೋಟಾ’ ಗುಂಡಿ ಒತ್ತಿದವರ ಸಂಖ್ಯೆಯೂ ಹದಿನಾರಕ್ಕಿಂತ ಎಷ್ಟೋ ಪಾಲು ಹೆಚ್ಚು. ಇಷ್ಟು ಸಣ್ಣ ಅಂತರದಲ್ಲಿ ಪ್ರತಿಯೊಂದು ಚಿಕ್ಕ ಸಂಗತಿಯೂ ದೊಡ್ಡ ಕಾರಣವಾಗಿ ಕಾಣುವುದು ಸಹಜ.

ಒಂದೇ ಒಂದು ಮತ

ಹದಿನಾರಕ್ಕೇ ಬೆರಗಾಗುವವರು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯನ್ನು ನೆನೆಯಬೇಕು. 2004ರಲ್ಲಿ ಆ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜಾತ್ಯತೀತ ಜನತಾ ದಳದ ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಂದವು. ಅಂತರ ಒಂದೇ ಒಂದು! ಓಡಾಟದ ಗಡಿಬಿಡಿಯಲ್ಲಿ ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಮತ ಹಾಕಲು ಬಿಡುವಾಗಲಿಲ್ಲವೆಂಬುದು ಆಮೇಲೆ ನಾಡಿಗೆಲ್ಲ ತಿಳಿದ ಮಾತಾಯಿತು. ಆ ಕೃಷ್ಣಮೂರ್ತಿಯವರೇ 2023ರಲ್ಲಿ ಕೊಳ್ಳೇಗಾಲದಿಂದ ಭಾರಿ ಅಂತರದಿಂದ ಗೆದ್ದರು. ನಡುವೆ ಕಳೆದದ್ದು ಹತ್ತೊಂಬತ್ತು ವರ್ಷ. ಒಂದು ಮತದ ಬೆಲೆಯನ್ನು ಅವರಷ್ಟು ಚೆನ್ನಾಗಿ ಬಲ್ಲವರು ವಿರಳ.

ಮನೆಯಲ್ಲಿಯೇ ಉಳಿದವರು

ಜಯನಗರದ ಫಲಿತಾಂಶದ ಬಗೆಗೆ ನಡೆದ ಚರ್ಚೆಗಳಲ್ಲಿ ಗೆದ್ದವರ ಮಾತೂ ಸೋತವರ ಮಾತೂ ಬಂದವು. ಮೂರನೆಯ ಪಂಗಡವೊಂದರ ಮಾತು ಮಾತ್ರ ಹೆಚ್ಚಾಗಿ ಬರಲಿಲ್ಲ. ಅದು ಮತಗಟ್ಟೆಗೆ ಹೋಗದವರ ಪಂಗಡ. 2018ರ ಜೂನಿನಲ್ಲಿ ಈ ಕ್ಷೇತ್ರದಲ್ಲಿ ನೂರಕ್ಕೆ ಸುಮಾರು 55 ಮಂದಿ ಮತ ಹಾಕಿದರು. ಮೇ ತಿಂಗಳಲ್ಲಿ ರಾಜ್ಯದ ಒಟ್ಟು ಮತದಾನ ನೂರಕ್ಕೆ 72ನ್ನು ಮೀರಿತ್ತು. ಅಂದರೆ ವಿದ್ಯಾವಂತರ ಬಡಾವಣೆಯೆಂದು ಹೆಸರಾದ ಜಯನಗರದಲ್ಲಿ ಪಟ್ಟಿಯಲ್ಲಿ ಹೆಸರಿದ್ದೂ ಬಾರದವರ ಸಂಖ್ಯೆ ತೊಂಬತ್ತು ಸಾವಿರದ ಆಸುಪಾಸು. ಗೆದ್ದವರಿಗೆ ಬಿದ್ದ ಮತಗಳಿಗಿಂತಲೂ ಇದು ಬಹಳ ದೊಡ್ಡದು. ಆ ಕ್ಷೇತ್ರದಲ್ಲಿ ನಿಜವಾದ ಬಹುಮತ ಮನೆಯಲ್ಲಿ ಕುಳಿತವರದೇ ಎಂದು ಯಾರಾದರೂ ಹಾಸ್ಯ ಮಾಡಿದರೆ ಅದನ್ನು ಅಲ್ಲಗಳೆಯುವುದು ಕಷ್ಟ.

ಎಲ್ಲರನ್ನೂ ಸೋಮಾರಿಗಳೆಂದು ಜರೆಯುವುದೂ ನ್ಯಾಯವಲ್ಲ. ನಗರದಲ್ಲಿ ಬಾಡಿಗೆಯ ಮನೆಯ ಸಂಸಾರ ಎರಡು ಮೂರು ವರ್ಷಗಳಿಗೊಮ್ಮೆ ಬೀದಿಯನ್ನು ಬದಲಿಸುತ್ತದೆ. ಹೆಸರು ಹಳೆಯ ಬೀದಿಯ ಪಟ್ಟಿಯಲ್ಲಿಯೇ ಉಳಿಯುತ್ತದೆ. ಮದುವೆಯಾಗಿ ಹೋದ ಮಗಳ ಹೆಸರು ತವರಿನಲ್ಲಿ, ಹೊರದೇಶಕ್ಕೆ ಹೋದ ಮಗನ ಹೆಸರು ತಂದೆಯ ಮನೆಯಲ್ಲಿ ಹಾಗೆಯೇ ಇರುತ್ತದೆ. ತೀರಿಕೊಂಡ ಹಿರಿಯರ ಹೆಸರನ್ನು ತೆಗೆಸಲು ಮನೆಯವರಿಗೆ ಮನಸ್ಸೂ ಬಾರದು, ಬಿಡುವೂ ದೊರೆಯದು. ಆದರೆ ಇವೆಲ್ಲಕ್ಕೂ ದಾರಿಗಳಿವೆ. ಹೊಸದಾಗಿ ಹೆಸರು ಸೇರಿಸಲು 6ನೆಯ ನಮೂನೆ, ತೆಗೆಸಲು 7ನೆಯ ನಮೂನೆ, ಮನೆ ಬದಲಿಸಿದವರಿಗೆ 8ನೆಯ ನಮೂನೆಯೆಂದು ಅರ್ಜಿಗಳಿವೆ. ಹದಿನೆಂಟು ತುಂಬಿದವರು ಮೊದಲಿನಂತೆ ಜನವರಿ ಒಂದನೆಯ ತಾರೀಖನ್ನೇ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳೂ ಅರ್ಹತೆಯ ದಿನಗಳಾಗಿವೆ. ಎಂಬತ್ತು ವರ್ಷ ದಾಟಿದವರ ಮನೆಗೇ ಅಧಿಕಾರಿಗಳು ಮತಪತ್ರವನ್ನು ತಂದು ಮತ ಪಡೆಯುವ ಏರ್ಪಾಡು 2023ರ ಚುನಾವಣೆಯಲ್ಲಿ ಈ ರಾಜ್ಯಕ್ಕೂ ಬಂದಿತು.

ಭಾರತದ ಚುನಾವಣೆಗೆ ಕನ್ನಡನಾಡು ಕೊಟ್ಟ ಕೊಡುಗೆ ಕಡಮೆಯದಲ್ಲ. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದಲೂ ತಯಾರಾಗುತ್ತಿರುವುದು ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ. ಅದನ್ನು 1937ರಲ್ಲಿ ಸ್ಥಾಪಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮತಯಂತ್ರಗಳನ್ನು ತಯಾರಿಸುವ ಸಂಸ್ಥೆಗಳಲ್ಲೊಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಶಾಯಿ ಇಲ್ಲಿಯದು, ಯಂತ್ರವೂ ಇಲ್ಲಿಯದು. ಇಷ್ಟಿದ್ದೂ ಶಾಯಿ ಹಚ್ಚಿಸಿಕೊಳ್ಳುವ ಬೆರಳುಗಳಲ್ಲಿ ಅರ್ಧಕ್ಕರ್ಧ ಮನೆಯಿಂದ ಹೊರಗೆ ಬಾರದಿದ್ದರೆ ಅದಕ್ಕೆ ಏನೆನ್ನಬೇಕು?

ಜಯನಗರದ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಿಂತು ನೋಡಿದರೆ ಎದುರುಬದುರಾಗಿ ನಾಲ್ಕೈದು ಮನೆಗಳು ಕಾಣುತ್ತವೆ. ಆ ನಾಲ್ಕೈದು ಮನೆಗಳ ದೊಡ್ಡವರನ್ನು ಕೂಡಿಸಿದರೆ ಹದಿನಾರು ಮಂದಿ ಆದಾರು. ಅವರೇನು ಮಂತ್ರಿಗಳಲ್ಲ, ಮುಖಂಡರಲ್ಲ. ಹಾಲು ತರುವವರು, ಕಚೇರಿಗೆ ಹೋಗುವವರು, ಅಡಿಗೆ ಮಾಡುವವರು, ಪರೀಕ್ಷೆಗೆ ಓದುವವರು. 2023ರ ಮೇ 10ರಂದು ಆ ಒಂದು ಬೀದಿಯ ಮಂದಿ ಒಟ್ಟಾಗಿ ಹೊರಟು ಮತ ಹಾಕಿ ಬಂದಿದ್ದರೂ ಗೆಲುವು ಇನ್ನಷ್ಟು ಗಟ್ಟಿಯಾಗುತ್ತಿತ್ತು, ಇಲ್ಲವೇ ಚೀಟಿ ಎತ್ತುವ ಹಂತಕ್ಕೆ ಬರುತ್ತಿತ್ತು. ‘ನಾನೊಬ್ಬ ಹೋಗದಿದ್ದರೆ ಏನಾದೀತು’ ಎನ್ನುವವರಿಗೆ ಆ ಕ್ಷೇತ್ರ ಕೊಟ್ಟ ಉತ್ತರ ಅಂಕಿಗಳಲ್ಲಿಯೇ ಇದೆ.